ಮೂವತ್ತನಾಲ್ಕನೇ ಮಹಡಿಯ ಬಾಟಲಿ

ಅವನಿಗೆ ದೊರೆ ಎಂಬ ಹೆಸರು ಬಿದ್ದದ್ದು ಅವನ ಬಾಯಿಯ ದೆಸೆಯಿಂದಲೇ. ನಗರದ ನಟ್ಟನಡುವೆ ನಿಂತ ಆ ಗಾಜಿನ ಟವರನ್ನು ಅವನು ಒಂದು ದಿನವೂ ‘ಆ ಟವರು’ ಅಂದವನಲ್ಲ. ‘ನಮ್ಮ ಟವರು’ ಅನ್ನುತ್ತಿದ್ದ. ಟೀವಿಯಲ್ಲಿ ವಾರ್ತೆ ಓದುವವಳ ಬೆನ್ನ ಹಿಂದೆ ಅದು ಕಂಡರೆ ಸಾಕು, ಉಣ್ಣುವ ತಟ್ಟೆ ಬಿಟ್ಟೆದ್ದು, ಎಂಜಲು ಬೆರಳಿನಿಂದ ಪರದೆ ಮುಟ್ಟಿ, “ನೋಡು, ಈ ಸಾಲು ಇವತ್ತು ನಾನೇ ತೊಳೆದಿದ್ದು” ಅನ್ನುತ್ತಿದ್ದ.

“ಅದಕ್ಕೇ ಅಷ್ಟು ಮಂಕಾಗಿ ಕಾಣ್ತಿದೆ” ಅನ್ನುತ್ತಿದ್ದಳು ಹೆಂಡತಿ.

ಅವಳಿಗೆ ಹಾಗನ್ನುವ ಹಕ್ಕಿತ್ತು. ಅವನು ಹೊರಗಿನಿಂದ ಗಾಜು ತೊಳೆಯುತ್ತಿದ್ದ ಅದೇ ಟವರಿನ ಒಳಗೆ ಅವಳು ಕಕ್ಕಸು ತೊಳೆಯುತ್ತಿದ್ದಳು. ಗಂಡ ಹೊರಗೆ, ಹೆಂಡತಿ ಒಳಗೆ, ನಡುವೆ ಒಂದು ಗಾಜು. ಅದೂ ಎಂಥ ಗಾಜು! ಹಗಲು ಹೊತ್ತು ಹೊರಗಿನವನಿಗೆ ಅದು ಬರೀ ಕನ್ನಡಿ. ಒಳಗಿದ್ದವರಿಗೆ ಅವನು ಕಾಣುತ್ತಾನೆ, ಅವನಿಗೆ ಅವನೇ ಕಾಣುತ್ತಾನೆ. ಕೆಲಸಕ್ಕೆ ಸೇರಿದಂದಿನಿಂದ ದೊರೆ ದಿನವಿಡೀ ತೊಳೆದದ್ದು ತನ್ನ ಮುಖವನ್ನೇ. “ಇಷ್ಟು ತಿಕ್ಕಿದ್ರೂ ಬೆಳ್ಳಗಾಗಲಿಲ್ಲ ನೋಡು” ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.

ಆ ಟವರು ಬೆಂಕಿಪೊಟ್ಟಣದ ಮೇಲಿತ್ತು, ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲಿತ್ತು. ಪರದೇಶದಿಂದ ಬಂದವರು ಅದರ ಮುಂದೆ ಹಲ್ಲು ಕಿರಿದು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಆ ಫೋಟೋಗಳಲ್ಲಿ ಎಲ್ಲೋ ಮೇಲೆ, ನೊಣದಷ್ಟು ಸಣ್ಣದಾಗಿ, ತಾನೂ ಇರುತ್ತೇನೆ ಎನ್ನುವುದು ದೊರೆಯ ನಂಬಿಕೆ. ದೇಶದೇಶದವರ ಮನೆಗಳಲ್ಲಿ ನನ್ನ ಫೋಟೋ ಇದೆ ಎಂದು ಅತ್ತೆಯ ಮುಂದೆ ಕೊಚ್ಚಿಕೊಂಡಿದ್ದ. “ನೊಣ ಅಂತ ಒರೆಸಿ ಹಾಕಿರ್ತಾರೆ ಬಿಡಪ್ಪ” ಅಂದಿದ್ದಳು ಅತ್ತೆ.

ದೊರೆ ತನ್ನ ಅರಮನೆಗೆ ಹೋಗುತ್ತಿದ್ದದ್ದು ಕಸದ ಬಾಗಿಲಿನಿಂದ. ಹಿಂದಿನ ಬೀದಿಯಲ್ಲಿ ಕಸದ ಲಾರಿ ನಿಲ್ಲುವ ಇಳಿಜಾರು. ಅಲ್ಲಿಂದ ಸಾಮಾನಿನ ಲಿಫ್ಟು. ಲಿಫ್ಟಿನಲ್ಲಿ ಅವನ ಜೊತೆ ಹಿಂದಿನ ದಿನದ ಕೊಳೆತ ಊಟದ ಡಬ್ಬಗಳು. ನೇರ ತಾರಸಿ. ತಾರಸಿಯಿಂದ ಎರಡು ಉಕ್ಕಿನ ಹಗ್ಗಕ್ಕೆ ಇಳಿಬಿಟ್ಟ ಉದ್ದನೆಯ ಕಬ್ಬಿಣದ ತೊಟ್ಟಿ. ಅದನ್ನು ಅವರು ತೊಟ್ಟಿಲು ಅನ್ನುತ್ತಿದ್ದರು. ಎಲ್ಲ ಮಹಡಿಗಳ ಗಾಜನ್ನೂ ತೊಳೆದಿದ್ದ ದೊರೆ ಒಂದೇ ಒಂದು ಮಹಡಿಯ ನೆಲವನ್ನೂ ತುಳಿದಿರಲಿಲ್ಲ.

ತೊಟ್ಟಿಲಿನ ಒಂದು ತುದಿಗೆ ಅವನು. ಇನ್ನೊಂದು ತುದಿಗೆ ಅವನ ಹೆಂಡತಿಯ ಅಣ್ಣ. ಈ ಭಾವನನ್ನು ಎಲ್ಲರೂ ರೇಡಿಯೋ ಅಂತ ಕರೆಯುತ್ತಿದ್ದರು. ಬೆಳಗ್ಗೆ ತೆರೆದ ಬಾಯಿ ಸಂಜೆಗೇ ಮುಚ್ಚುವುದು. ಸೋಪಿನ ನೀರು ಬಳಿ. ರಬ್ಬರಿನ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಎಳೆ. ಅಂಚು ಒರೆಸು. ಗುಂಡಿ ಒತ್ತಿ ಒಂದು ಮಹಡಿ ಇಳಿ. ಮತ್ತೆ ಬಳಿ. ಭುಜದ ಕೀಲು ಕಟಕಟ ಅನ್ನುತ್ತಿತ್ತು. ಸೋಪು ತಿಂದು ಬೆರಳ ಗೆಣ್ಣುಗಳು ಸೀಳಿ ರಕ್ತ ಜಿನುಗುತ್ತಿತ್ತು. ಬೆನ್ನಿಗೆ ಮೇಲಿನ ಬಿಸಿಲು, ಮುಖಕ್ಕೆ ಗಾಜಿನ ಬಿಸಿಲು. ಗಾಳಿ ಎದ್ದರೆ ತೊಟ್ಟಿಲು ಗೋಡೆಗೆ ಬಡಿದು ಮೊಣಕಾಲು ಜಜ್ಜುತ್ತಿತ್ತು.

ಇವೆಲ್ಲ ಹೇಳಿಕೊಳ್ಳಬಹುದಾದ ನೋವುಗಳು. ಹೇಳಿಕೊಳ್ಳಲಾಗದ್ದು ಕಿಬ್ಬೊಟ್ಟೆಯ ನೋವು.

ಟವರಿನಲ್ಲಿ ಮಹಡಿ ಮಹಡಿಗೂ ಟಾಯ್ಲೆಟ್ಟಿತ್ತು. ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತಿತ್ತು. ಆಫೀಸಿನವರ ಕಾರ್ಡಿಗೆ ತೆರೆಯುತ್ತಿತ್ತು. ಗುತ್ತಿಗೆಯವರ ಕಾರ್ಡಿಗೆ ತೆರೆಯುತ್ತಿರಲಿಲ್ಲ. ಒಳಗೆ ತೊಳೆಯುವ ಹೆಂಗಸರ ಕಾರ್ಡಿಗೆ ತೊಳೆಯುವ ಹೊತ್ತಿನಲ್ಲಿ ಮಾತ್ರ ತೆರೆಯುತ್ತಿತ್ತು. ತೊಳೆಯಬಹುದು, ಕೂರುವ ಹಾಗಿಲ್ಲ. ಕೂತು ಸಿಕ್ಕಿಬಿದ್ದ ಇಬ್ಬರು ಹೆಂಗಸರನ್ನು ಅದೇ ದಿನ ಮನೆಗೆ ಕಳಿಸಿದ್ದರು. ಗುತ್ತಿಗೆಯವರಿಗೆಂದು ನೆಲಮಾಳಿಗೆಯ ತಳದಲ್ಲಿ, ಜನರೇಟರಿನ ಹಿಂದೆ, ಒಂದು ಕಕ್ಕಸಿತ್ತು. ಗಂಡಸು ಹೆಂಗಸು ಎಲ್ಲರಿಗೂ ಅದೊಂದೇ. ಚಿಲಕ ಇರಲಿಲ್ಲ. ಒಳಗಿದ್ದವರು ಒಂದು ಕೈಯಲ್ಲಿ ಬಾಗಿಲು ಹಿಡಿದು ಜೋರಾಗಿ ಕೆಮ್ಮುತ್ತಿರಬೇಕು.

ಗೋಡೆಯ ಮಧ್ಯದಲ್ಲಿ ತೂಗುವವನು ಅಲ್ಲಿಗೆ ಹೋಗಬೇಕೆಂದರೆ ತೊಟ್ಟಿಲು ತಾರಸಿಗೆ ಏರಬೇಕು, ಬೆಲ್ಟು ಬಿಚ್ಚಬೇಕು, ಸಾಮಾನಿನ ಲಿಫ್ಟಿಗೆ ಕಾಯಬೇಕು, ಕೆಳಗಿಳಿದು ಸಾಲಿನಲ್ಲಿ ನಿಂತು ಕೆಮ್ಮು ನಿಲ್ಲುವುದನ್ನು ಕಾಯಬೇಕು. ವಾಪಸು ಬರುವಷ್ಟರಲ್ಲಿ ಸೂಪರ್‌ವೈಜರು ಅರ್ಧ ದಿನದ ಕೂಲಿ ಮುರಿದಿರುತ್ತಿದ್ದ. ಅವನ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿದ್ದುದರಿಂದ ಅವನ ಹೆಸರೇ ಸೀಟಿ. “ಕೂಲಿ ಕೊಡೋದು ಗಾಜು ತೊಳೆಯೋಕೆ, ನಿನ್ನ ತೊಳೆಯೋಕಲ್ಲ” ಎನ್ನುವುದು ಅವನ ಮಾತು.

ಹಾಗಾಗಿ ಬಾಟಲಿ. ಎಲ್ಲರ ಬೆಲ್ಟಿಗೂ ಒಂದೊಂದು.

ಹೆಂಗಸರಿಗೆ ಬಾಟಲಿಯೂ ಇಲ್ಲ. ದೊರೆಯ ಹೆಂಡತಿ ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವ ತನಕ ಒಂದು ತೊಟ್ಟು ನೀರು ಬಾಯಿಗೆ ಹಾಕುತ್ತಿರಲಿಲ್ಲ. ತುಟಿ ಬಿರಿದಿತ್ತು. ವರ್ಷದಲ್ಲಿ ಎಷ್ಟೋ ಸಲ ಜ್ವರ ಬಂದು, ಉರಿದು ಉರಿದು ರಕ್ತ ಹೋಗುತ್ತಿತ್ತು. ಡಾಕ್ಟರು ಮಾತ್ರೆ ಬರೆದು, “ಚೆನ್ನಾಗಿ ನೀರು ಕುಡೀಬೇಕಮ್ಮ, ಕಟ್ಟಿಕೊಳ್ಳಬಾರದು” ಅಂದಾಗ ಅವಳಿಗೆ ಎಂಥ ನಗು ಬಂತೆಂದರೆ ಡಾಕ್ಟರಿಗೆ ಸಿಟ್ಟೇ ಬಂತು.

ಇನ್ನು ಮೂವತ್ತನಾಲ್ಕನೇ ಮಹಡಿಯ ವಿಷಯ. ಅಲ್ಲಿದ್ದ ಕಂಪನಿ ದಿವಾಳಿಯೆದ್ದು ಹೋಗಿ ಮಹಡಿ ಖಾಲಿ ಬಿದ್ದಿತ್ತು. ಸಂಜೆ ಒಳಗೆ ದೀಪ ಹಾಕಿದಾಗ ಮಾತ್ರ ಹೊರಗಿನವರಿಗೆ ಗಾಜಿನಾಚೆ ಕಾಣುತ್ತದೆ. ಹಾಗೆ ಒಂದು ಸಂಜೆ ರೇಡಿಯೋ ಒಳಗೆ ನೋಡಿದ್ದ: ಮಗುಚಿ ಹಾಕಿದ ಕುರ್ಚಿಗಳು, ನೆಲದಲ್ಲಿ ವೈರು, ನರಪಿಳ್ಳೆ ಇಲ್ಲ. ಅಂದಿನಿಂದ ಗಾಜು ತೊಳೆಯುವ ಎಲ್ಲ ಜೋಡಿಗಳಿಗೂ ಅದು ನಿಲ್ದಾಣವಾಯಿತು. ಕಟ್ಟಿಕೊಂಡಿದ್ದು ಅಲ್ಲಿಯ ತನಕ ಕಟ್ಟಿಕೊಳ್ಳುವುದು. ಬೀದಿಗೆ ಬೆನ್ನು, ಗಾಜಿಗೆ ಮುಖ. ಮರ್ಯಾದೆಯ ಪ್ರಶ್ನೆ ನೋಡಿ! ಎದುರು ಕಟ್ಟಡದವರಿಗೆ ಕಾಣಬಾರದು. ಖಾಲಿ ಮಹಡಿಗೆ ನಾಚಿಕೆ ಏಕೆ? ಅಭ್ಯಾಸ ಎಷ್ಟು ಬಲಿಯಿತೆಂದರೆ ದೊರೆ ಮನೆಯಲ್ಲೂ ಚಪ್ಪಲಿ ಮೆಟ್ಟುತ್ತಾ, “ಮೂವತ್ತನಾಲ್ಕಕ್ಕೆ ಹೋಗಿ ಬರ್ತೀನಿ” ಎನ್ನುತ್ತಿದ್ದ.

ಮಹಡಿ ಬಾಡಿಗೆಗೆ ಹೋಯಿತೆಂದು ಯಾರೂ ಹೇಳಲಿಲ್ಲ. ಯಾಕೆ ಹೇಳಬೇಕು? ಗೋಡೆಗೆ ಹೇಳುತ್ತಾರೆಯೇ, ಗೋಡೆಯ ಮೇಲಿನ ಹಲ್ಲಿಗೆ ಹೇಳುತ್ತಾರೆಯೇ? ಸಾಲು ರಜೆ ಬಂತು. ರಜೆಯಲ್ಲಿ ಕಾರ್ಪೆಟ್ಟು ಬಂತು, ಮೇಜು ಬಂತು, ಕಂಪನಿ ಬಂತು. ರಜೆ ಮುಗಿದ ಬೆಳಗ್ಗೆ ಹೊಸ ಆಫೀಸಿನ ಮೊದಲ ಮೀಟಿಂಗು. ಉದ್ದನೆಯ ಮೇಜಿನ ಸುತ್ತ ಕಂಪನಿಯ ದೊಡ್ಡವರೆಲ್ಲ ಕೂತಿದ್ದರು. ಹೊಸ ಆಫೀಸೆಂದು ಆ ದಿನ ಬೇರೆ ಮಹಡಿಯಿಂದ ಎಳೆದು ತಂದ ಕೆಲಸದವಳು ಮೂಲೆಯಲ್ಲಿ ಚೆಲ್ಲಿದ ಕಾಫಿ ಒರೆಸುತ್ತಿದ್ದಳು. ಅವಳು ದೊರೆಯ ಹೆಂಡತಿ.

ಮೇಲಿನಿಂದ ಮೊದಲು ಬೂಟು ಬಂತು. ಆ ಬೂಟಿನ ಹೊಲಿಗೆ ಅವಳದೇ. ಆಮೇಲೆ ಮೊಣಕಾಲು, ಬೆಲ್ಟು, ಬೆಲ್ಟಿಗೆ ಕಟ್ಟಿದ ಬಾಟಲಿ, ಕೊನೆಗೆ ಗಂಡನ ಮುಖ. ಅವಳು ಮೇಜಿನವರ ಬೆನ್ನ ಹಿಂದೆ ನಿಂತು ಒರೆಸುವ ಹಳದಿ ಬಟ್ಟೆಯನ್ನು ಬೀಸಿದಳು. ಬೇಡ ಬೇಡ ಎಂದು ಎರಡೂ ಕೈ ಆಡಿಸಿದಳು. ದೊರೆ ನಕ್ಕ. ಅವಳನ್ನು ನೋಡಿಯೇ ನಕ್ಕನೆಂದು ಅವಳಿಗೆ ಜೀವ ಬಂತು. ಅವನು ನಕ್ಕಿದ್ದು ತನ್ನನ್ನೇ ನೋಡಿಕೊಂಡು. ಆ ದಿನ ಅವನ ಮುಖ ಅವನಿಗೆ ಕೊಂಚ ಚೆನ್ನಾಗಿಯೇ ಕಂಡಿತ್ತು. ಒದ್ದೆ ಬೆರಳಿನಲ್ಲಿ ಕ್ರಾಪು ತೀಡಿಕೊಂಡ. ಮೀಸೆ ಸರಿಮಾಡಿಕೊಂಡ. ಬೀದಿಗೆ ಬೆನ್ನು ಹಾಕಿ ಬಾಟಲಿ ತೆಗೆದ.

ಮೀಟಿಂಗು ನಿಂತಿತು.

ಮುಗಿದ ಮೇಲೆ ದೊರೆ ಮುಚ್ಚಳ ತಿರುಗಿಸಿ, ಗಾಜಿನಲ್ಲಿದ್ದ ತನಗೆ ತಾನೇ ಒಂದು ಸೆಲ್ಯೂಟು ಹೊಡೆದ. ಅದು ಅವನ ದಿನನಿತ್ಯದ ತಮಾಷೆ. ಮಿಕ್ಕಿದ್ದನ್ನಾದರೂ ಕ್ಷಮಿಸಬಹುದಿತ್ತು, ಆ ಸೆಲ್ಯೂಟನ್ನು ಮಾತ್ರ ಕ್ಷಮಿಸಲಾಗದು ಎಂದು ಒಬ್ಬ ದೊಡ್ಡವರು ಆಮೇಲೆ ಅಂದರಂತೆ.

ಒಳಗಿನವರ ಫೋನು ಮುಟ್ಟಿದ್ದೇ ತಾರಸಿಯಿಂದ ಸೀಟಿ ಕಿರುಚಿತು. ಒಂದೇ ಸಮನೆ. ತೊಟ್ಟಿಲು ಮೇಲೆ ಬರುವಷ್ಟರಲ್ಲಿ ಸೂಪರ್‌ವೈಜರನ ಮುಖ ಬೀಟ್ರೂಟಾಗಿತ್ತು.

“ಲೇ ದೊರೆ, ಮುಗೀತು ನಿನ್ನ ದರ್ಬಾರು! ಒಳಗೆ ಜನ ಇದಾರೋ!”

“ಎಲ್ಲಿ?”

“ಮೂವತ್ತನಾಲ್ಕರಲ್ಲಿ!”

ರೇಡಿಯೋ ಬಾಯಿ ಮುಚ್ಚಿದ. ಅವನ ಬಾಯಿ ಹಗಲಲ್ಲಿ ಮುಚ್ಚಿದ್ದನ್ನು ದೊರೆ ನೋಡಿದ್ದು ಅದೇ ಮೊದಲು.

ಟವರಿನ ಮ್ಯಾನೇಜರು ಸಿಟ್ಟಿನ ಮನುಷ್ಯನಲ್ಲ. ನಯದ ಮನುಷ್ಯ. ಅವನ ತೀರ್ಮಾನ ಸೀಟಿಯ ಬಾಯಿಂದ ಬಂತು. ದೊರೆ ಮೂವತ್ತನಾಲ್ಕನೇ ಮಹಡಿಗೆ ಹೋಗಿ ಅವರೆಲ್ಲರ ಮುಂದೆ ಕೈಮುಗಿದು ಕ್ಷಮೆ ಕೇಳಬೇಕು. ಏನು ಹೇಳಬೇಕೆಂಬುದನ್ನೂ ಅವರೇ ಹೇಳಿಕೊಟ್ಟಿದ್ದರು: ಟವರಿನಲ್ಲಿ ನಮಗೆ ಎಲ್ಲ ಸೌಕರ್ಯ ಇದೆ, ಇದು ನನ್ನ ಕೆಟ್ಟ ಚಟ, ಕ್ಷಮಿಸಿ. ಅದನ್ನು ವಿಡಿಯೋ ಮಾಡಿ ಕೆಳಗಿನ ದೊಡ್ಡ ಪರದೆಯಲ್ಲಿ ಹಾಕುತ್ತಾರೆ, ಉಳಿದ ಗುತ್ತಿಗೆಯವರಿಗೆ ಪಾಠವಾಗಲಿ ಎಂದು. ಹೇಳದಿದ್ದರೆ ದೊರೆಗೂ ರೇಡಿಯೋಗೂ ಕೆಲಸ ಇಲ್ಲ. ಈ ಊರಿನ ಯಾವ ಎತ್ತರದ ಕಟ್ಟಡದಲ್ಲೂ ಇರದ ಹಾಗೆ ನೋಡಿಕೊಳ್ಳುತ್ತಾರೆ.

“ಸಿನಿಮಾದಲ್ಲಿ ಹಾಕ್ತಾರಂತೆ” ಎಂದ ದೊರೆ ಮನೆಗೆ ಬಂದು. “ನೊಣ ಅಂದಿದ್ರಲ್ಲ ನಿಮ್ಮಮ್ಮ, ಈಗ ಆಳೆತ್ತರ ಕಾಣ್ತೀನಿ.”

ಹೆಂಡತಿ ನಗಲಿಲ್ಲ. ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕಿಬ್ಬೊಟ್ಟೆಯ ಮೇಲೆ ಬಿಸಿನೀರು ತುಂಬಿದ ಬಾಟಲಿ ಇಟ್ಟುಕೊಂಡಿದ್ದಳು. ಆ ಮನೆಯಲ್ಲಿ ಬಾಟಲಿಗೇನು ಕಮ್ಮಿ.

“ನಾನು ಅಲ್ಲೇ ಇದ್ದೆ ರೀ” ಎಂದಳು.

“ಎಲ್ಲಿ?”

“ಒಳಗೆ. ಬಟ್ಟೆ ಬೀಸಿದೆ. ನೀವು ನೋಡಿ ನಕ್ಕಿರಿ.”

ದೊರೆ ಅವಳ ಪಕ್ಕದಲ್ಲಿ ಕುಕ್ಕರಿಸಿದ.

“ಅಲ್ಲಿದ್ದ ಮೇಡಂ ಕೇಳಿದ್ರು, ಯಾರು ಆ ಪ್ರಾಣಿ ಅಂತ. ನನ್ನನ್ನೇ ಕೇಳಿದ್ರು. ಗೊತ್ತಿಲ್ಲ ಮೇಡಂ ಅಂದುಬಿಟ್ಟೆ.” ಅವಳ ಕಣ್ಣು ತುಂಬಿತ್ತು. “ನನ್ನ ಗಂಡ ಅನ್ನೋಕೆ ಬಾಯೇ ಬರಲಿಲ್ಲ.”

“ಒಳ್ಳೇದೇ ಮಾಡಿದೆ ಬಿಡು. ನಾನಾಗಿದ್ರೆ ಪಕ್ಕದ ಬೀದಿಯವನು ಅಂತಲೂ ಒಪ್ಕೊತಿರಲಿಲ್ಲ.”

ಅವಳು ನಗಲಿ ಎಂದು ಆಡಿದ ಮಾತು. ಅವಳು ನಗಲಿಲ್ಲ. ಅವನಿಗೂ ಅದು ಎಲ್ಲೋ ಒಳಗೆ ಚುಚ್ಚಿತು. ಪ್ರಾಣಿ ಎಂದದ್ದಕ್ಕಲ್ಲ. ಅವಳ ಕೈಯಲ್ಲಿ ಗೊತ್ತಿಲ್ಲ ಎನ್ನಿಸಿದರಲ್ಲ, ಅದಕ್ಕೆ.

ಆ ಸಂಜೆ ದೊರೆ ಗೋಡೆಯ ಸಣ್ಣ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಕನ್ನಡಿಯ ಮುಂದೆ ನಿಲ್ಲುವುದರಲ್ಲಿ ಅವನಷ್ಟು ಪಳಗಿದವರು ಊರಲ್ಲಿ ಯಾರಿದ್ದಾರೆ? ಕೈ ಮುಗಿದ. “ಟವರಿನಲ್ಲಿ ನಮಗೆ ಎಲ್ಲ ಸೌ... ಎಲ್ಲ ಸೌಕ...” ಕೆಮ್ಮಿದ. “ಇದು ನನ್ನ ಕೆಟ್ಟ ಚಟ” ಎನ್ನುವುದು ಸಲೀಸಾಗಿ ಬರುತ್ತಿತ್ತು. “ಕ್ಷಮಿಸಿ” ಎನ್ನುವುದಂತೂ ಹುಟ್ಟಿದಾಗಿನಿಂದ ಅಭ್ಯಾಸ. ಆ ಮೊದಲಿನ ಮಾತು ಮಾತ್ರ ಅರ್ಧಕ್ಕೇ ಮುರಿದು ಬೀಳುತ್ತಿತ್ತು.

“ಹೇಳಿಬಿಡಿ ರೀ” ಎಂದಳು ಹೆಂಡತಿ ಎದ್ದು ಹೋಗುತ್ತಾ. “ಮಾತು ತಾನೆ. ಕೆಲಸ ಉಳೀಲಿ. ಅಣ್ಣನ ಮನೇಲೂ ಒಲೆ ಉರೀಬೇಕು.”

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ದೊರೆ ಮತ್ತೆ ಕೈ ಮುಗಿದ. “ಟವರಿನಲ್ಲಿ ನಮಗೆ...” ಒಳಗೆ ಅವಳು ಹಲ್ಲು ಕಡಿದದ್ದು ಹೊರಗೆ ಕೇಳಿಸಿತು. ಆಮೇಲೆ ಸಣ್ಣಗೆ ನರಳಿದಳು. ಇಡೀ ದಿನ ಕಟ್ಟಿಕೊಂಡದ್ದು ಉರಿದುಕೊಂಡು ಹನಿ ಹನಿಯಾಗಿ ಹೋಗುತ್ತಿತ್ತು. ನಲ್ಲಿ ಬಿಟ್ಟು ಆ ನರಳಿಕೆಯನ್ನು ಮುಚ್ಚಲು ನೋಡಿದಳು. ಕನ್ನಡಿಯೊಳಗಿನವನು ಕೈಮುಗಿದುಕೊಂಡೇ ನಿಂತಿದ್ದ. ಅವನ ಮುಖಕ್ಕೆ ಉಗಿಯಬೇಕೆನಿಸಿತು ದೊರೆಗೆ. ಉಗಿದರೆ ತೊಳೆಯುವವನೂ ತಾನೇ ಎಂದು ಸುಮ್ಮನಾದ.

ಮರುದಿನ ಒಗೆದ ಅಂಗಿ ಹಾಕಿಕೊಂಡು ಹೋದ. ಭಯಕ್ಕೆ ಬಾಯಿ ಒಣಗಿ ಒಣಗಿ, ಸಿಕ್ಕಸಿಕ್ಕಲ್ಲಿ ನೀರು ಕುಡಿದಿದ್ದ. ನೆಲಮಾಳಿಗೆಗೆ ಹೋಗಿ ಬರುತ್ತೇನೆ ಅಂದರೆ ಸೀಟಿ ಬಿಡಲಿಲ್ಲ. “ಮೊದಲು ಕ್ಷಮೆ. ಆಮೇಲೆ ಎಲ್ಲಿಗಾದ್ರೂ ಹಾಳಾಗಿ ಹೋಗು. ಮೇಲೆ ಕಾಯ್ತಿದಾರೆ.”

ಕಸದ ಇಳಿಜಾರಿಗೆ ತಿರುಗಿದವನನ್ನು ಸೀಟಿ ಅಂಗಿ ಹಿಡಿದು ಮುಂದಿನ ಬಾಗಿಲಿಗೆ ಎಳೆದ. ಅಂತೂ ದೊರೆಗೆ ತನ್ನ ಟವರಿನ ಹೆಬ್ಬಾಗಿಲು ತೆರೆಯಿತು. ತೆರೆಯಿತು ಎಂದರೆ ತಿರುಗಿತು. ಅದು ಸುತ್ತುವ ಗಾಜಿನ ಬಾಗಿಲು. ಹೊರಗಿನಿಂದ ಆ ಬಾಗಿಲನ್ನೂ ಎಷ್ಟೋ ಸಲ ತೊಳೆದಿದ್ದನಲ್ಲ, ಒಳಗೆ ಹೋಗುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಒಂದು ಸುತ್ತು ಸುತ್ತಿ ಮತ್ತೆ ಬೀದಿಗೇ ಬಂದು ನಿಂತ. ಫೋಟೋ ಹೊಡೆಸಿಕೊಳ್ಳುತ್ತಿದ್ದ ಪರದೇಶದ ಹೆಂಗಸೊಬ್ಬಳು ಅವನನ್ನು ನೋಡಿ ಕೈಬೀಸಿದಳು. ಎರಡನೆಯ ಸಲ ಸೀಟಿಯೇ ಕತ್ತಿಗೆ ಕೈ ಹಾಕಿ ಒಳಗೆ ನೂಕಿದ. ಕಾವಲಿನವನು ದೊರೆಯ ಬೂಟಿಗೆ ಪ್ಲಾಸ್ಟಿಕ್ಕಿನ ಚೀಲ ತೊಡಿಸಿದ, ನೆಲ ಕೊಳೆಯಾಗದಿರಲೆಂದು. ಚರಪರ ಸದ್ದು ಮಾಡುತ್ತಾ ದೊರೆ ನಡೆದ. ಎಲ್ಲರೂ ತಿರುಗಿ ನೋಡಿದರು. ಲಿಫ್ಟಿನ ಒಳಗೂ ನಾಲ್ಕೂ ಕಡೆ ಕನ್ನಡಿ. “ಇಲ್ಲೂ ನೀನೇನಾ” ಎಂದ ದೊರೆ ಮೆಲ್ಲಗೆ.

ಮೂವತ್ತನಾಲ್ಕನೇ ಮಹಡಿಯ ಓಣಿಯಲ್ಲಿ ಅವನ ಹೆಂಡತಿ ಬಕೆಟ್ಟಿನ ಪಕ್ಕ ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು ತೊಳೆಯುವ ಹೆಂಗಸರು. ಅವಳು ಕಣ್ಣೆತ್ತಲಿಲ್ಲ. ಅವನೂ ಎತ್ತಲಿಲ್ಲ. ಗೊತ್ತಿಲ್ಲದವರ ಹಾಗೆ ದಾಟಿ ಹೋದ. ಪ್ಲಾಸ್ಟಿಕ್ಕು ಚರಪರ ಅನ್ನುತ್ತಲೇ ಇತ್ತು.

ಮೀಟಿಂಗಿನ ಕೋಣೆಯಲ್ಲಿ ಅವರೆಲ್ಲ ಕೂತಿದ್ದರು. ಮ್ಯಾನೇಜರು ಫೋನು ಎತ್ತಿ ಹಿಡಿದು ತಯಾರಾಗಿದ್ದ. ಮೇಜಿನ ತಲೆಯಲ್ಲಿದ್ದ ಮೇಡಂ ಗಡಿಯಾರ ನೋಡಿಕೊಂಡರು. ದೊರೆ ಅವರ ಯಾರ ಮುಖವನ್ನೂ ನೋಡಲಿಲ್ಲ. ಅವನು ನೋಡಿದ್ದು ಅವರ ಹಿಂದಿನ ಗಾಜನ್ನು.

ಗಾಜಿನಾಚೆ ತೊಟ್ಟಿಲು ಇಳಿಯುತ್ತಿತ್ತು. ಅದರಲ್ಲಿ ಬೇರೆ ಜೊತೆಗಾರನೊಡನೆ ರೇಡಿಯೋ. ಎಷ್ಟು ಹತ್ತಿರ! ಕೈ ಚಾಚಿದರೆ ಸಿಗುವಷ್ಟು. ಬಾಯಿ ಅರ್ಧ ತೆರೆದಿತ್ತು. ಬೆಲ್ಟು ಬಿಗಿದು ಹೊಟ್ಟೆ ಎರಡು ಭಾಗವಾಗಿತ್ತು. ಬಿಸಿಲಿಗೆ ತುಟಿಯ ಚರ್ಮ ಕಿತ್ತುಬಂದಿತ್ತು. ರೇಡಿಯೋ ನೇರವಾಗಿ ದೊರೆಯ ಕಣ್ಣನ್ನೇ ನೋಡಿ, ಬಾಯಿ ಅಗಲಿಸಿ, ಉಗುರಿನಲ್ಲಿ ಹಲ್ಲು ಕೆದಕಿಕೊಂಡ. ದೊರೆ ತನಗರಿವಿಲ್ಲದೆ ಕೈ ಬೀಸಿದ. ರೇಡಿಯೋಗೆ ಏನೂ ಕಾಣಲಿಲ್ಲ. ಒಳಗಿದ್ದವರೂ ಆ ಕಡೆ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ನಾವು ಹೀಗೆ ಇಂಥವರ ಮೂಗಿನ ತುದಿಯಲ್ಲಿ ತೂಗುತ್ತಿದ್ದೆವು, ಒಂದು ದಿನ ಉಚ್ಚೆ ಹೊಯ್ದಾಗ ಮಾತ್ರ ಕಂಡೆವು. ಹಾಗಂತ ಅನಿಸಿತು ದೊರೆಗೆ. ಅಷ್ಟರಲ್ಲಿ ಕುಡಿದ ನೀರೂ ಒತ್ತತೊಡಗಿತು.

“ಕೈ ಮುಗಿ” ಎಂದ ಸೀಟಿ.

ಮುಗಿದ.

“ಎಲ್ಲರಿಗೂ ನಮಸ್ಕಾರ. ನಾನು ಗಾಜು ತೊಳೆಯೋನು. ನಿನ್ನೆ ನೀವು ನನ್ನನ್ನ ನೋಡಿದೀರಿ.” ಯಾರೋ ಕಿಸಕ್ಕೆಂದರು. “ಟವರಿನಲ್ಲಿ ನಮಗೆ ಎಲ್ಲ ಸೌಕರ್ಯ...”

ನಿಂತ.

“ಇದೆ” ಎಂದು ಹೇಳಿಕೊಟ್ಟ ಸೀಟಿ.

“ಎಲ್ಲಿದೆ?” ಎಂದ ದೊರೆ.

ಅದೇನೂ ದೊಡ್ಡ ಹೋರಾಟದ ಮಾತಾಗಿರಲಿಲ್ಲ. ಸುಳ್ಳು ಏಕೆ ಹೇಳಬೇಕು, ಅವನಿಗೆ ನಿಜಕ್ಕೂ ಅವಸರವಾಗಿತ್ತು. ಕಾಲು ಕಾಲಿಗೆ ಒತ್ತಿಕೊಂಡು ನಿಂತಿದ್ದ.

“ಏನಂದೆ?” ಎಂದ ಮ್ಯಾನೇಜರು.

“ಸೌಕರ್ಯ ಎಲ್ಲಿದೆ ಸಾರ್? ತೋರಿಸಿದ್ರೆ ಹೋಗಿ ಬಂದು ಕ್ಷಮೆ ಕೇಳ್ತೀನಿ. ತಡೆಯೋಕಾಗ್ತಿಲ್ಲ.”

“ಇವರ ಕಾರ್ಡಿಗೆ ಇಲ್ಲಿ ತೆರೆಯಲ್ಲ” ಎಂದು ಮ್ಯಾನೇಜರು ಮೇಡಂಗೆ ನಯವಾಗಿ ವಿವರಿಸಿದ. “ಕೆಳಗೆ ವ್ಯವಸ್ಥೆ ಇದೆ. ಹೋಗಿ ಬರ್ತಾನೆ.”

“ಅಲ್ಲಿ ತನಕ ಬರಲ್ಲ ಸಾರ್ ಇದು” ಎಂದ ದೊರೆ. “ಕಾರ್ಪೆಟ್ಟು ಹೊಸದು. ನೀವೇ ಯೋಚನೆ ಮಾಡಿ.”

ಮೇಜಿನ ಕೆಳಗಿದ್ದ ಬೂಟುಗಳೆಲ್ಲ ಒಟ್ಟಿಗೆ ಹಿಂದೆ ಸರಿದವು. ಮೇಡಂ ತಮ್ಮ ಕಾರ್ಡನ್ನು ಮೇಜಿನ ಮೇಲೆ ಎಸೆದರು. “ಯಾರಾದ್ರೂ ಇವನನ್ನ ಕರಕೊಂಡು ಹೋಗ್ರಪ್ಪ!”

ಹೀಗೆ ದೊರೆ ಒಳಗೆ ಹೋದ. ದೀಪಗಳು ತಾವೇ ಹತ್ತಿಕೊಂಡವು. ಎಲ್ಲಿಂದಲೋ ಸಣ್ಣಗೆ ಸಂಗೀತ. ಹೂವಿನದೋ ಹಣ್ಣಿನದೋ ವಾಸನೆ. ಕೈಯೊರೆಸಲು ಸುರುಳಿ ಸುತ್ತಿಟ್ಟ ಬಿಳಿ ಬಟ್ಟೆಗಳು. ನೆಲದಿಂದ ಸೂರಿನ ತನಕ ಬಾಗಿಲು, ಬಾಗಿಲಿಗೆ ಚಿಲಕ. ತನ್ನ ಇಡೀ ಮನೆ ಇದರೊಳಗೆ ಹಿಡಿಸುತ್ತದೆ ಎನಿಸಿತು. ಇದನ್ನೆಲ್ಲ ಹೀಗೆ ಫಳಫಳ ಇಟ್ಟಿರುವುದು ತನ್ನ ಹೆಂಡತಿಯ ಕೈ ಎಂದು ನೆನಪಾಯಿತು. ಚಿಲಕ ಹಾಕಿ ನಿಂತ.

ಬರಲಿಲ್ಲ.

ಕಾದ. ಬರಲಿಲ್ಲ. “ಬಾರಪ್ಪ” ಎಂದ. ಪುಸಲಾಯಿಸಿದ. ಬೈದ. ಕಿಬ್ಬೊಟ್ಟೆ ಕಲ್ಲಾಗಿತ್ತು, ಬೆವರು ಬಂತು, ಬರಬೇಕಾದದ್ದು ಬರಲಿಲ್ಲ. ಗಾಳಿ ಇಲ್ಲ, ತೊಟ್ಟಿಲಿನ ಓಲಾಟ ಇಲ್ಲ, ಕಾಲ ಕೆಳಗೆ ಬೀದಿ ಇಲ್ಲ. ಇದು ತನ್ನ ಜಾಗವಲ್ಲ, ಯಾರಾದರೂ ಬಂದು ಕತ್ತು ಹಿಡಿದು ನೂಕುತ್ತಾರೆ ಎಂದು ಮೈ ನಂಬಿಕೊಂಡುಬಿಟ್ಟಿತ್ತು. ಎಂಥ ದೊರೆಯಪ್ಪ ನೀನು! ಅರಮನೆಯೊಳಗೆ ಬಂದು ಒಂದು ಹನಿ ಉಚ್ಚೆ ಹೊಯ್ಯಲಾರದವನು! ನಗಲು ಹೋದ. ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಬೇಕೆಂದಾಗ ಬಿಡಲಿಲ್ಲ, ಬಿಟ್ಟಾಗ ಬರದ ಹಾಗೆ ಮಾಡಿಟ್ಟಿದೀರಲ್ಲೋ ಪಾಪಿಗಳಾ, ನಮ್ಮ ಮೈಯನ್ನೂ ನಮಗೆ ಬಿಡಲಿಲ್ಲವಲ್ಲೋ!

ಬಾಗಿಲು ಬಡಿದ ಸದ್ದು.

“ಆಯ್ತಾ?” ಸೀಟಿಯ ದನಿ.

“ಇನ್ನೂ ಆಗಿಲ್ಲ.”

“ಎಷ್ಟೊತ್ತೋ? ಎಲ್ಲ ಕಾಯ್ತಿದಾರೆ! ಕ್ಷಮೆ ಕೇಳಿ ಹೋಗಿ ಸಾಯಿ!”

ದೊರೆ ಮುಚ್ಚಳ ಹಾಕಿ ಅದರ ಮೇಲೆ ಕೂತ. ಬೂಟಿನ ಪ್ಲಾಸ್ಟಿಕ್ಕನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

“ಕೇಳಲ್ಲ. ಆಗೋ ತನಕ ಬರಲ್ಲ. ಆದ ಮೇಲೂ ಬರ್ತೀನೋ ಇಲ್ವೋ ಗೊತ್ತಿಲ್ಲ. ಸೌಕರ್ಯ ಇದೆ ಅಂದ್ರಲ್ಲ, ಅನುಭವಿಸ್ತಿದೀನಿ.”

ಹೊರಗೆ ಗುಸುಗುಸು. ಸೀಟಿ ಊದಿದ, ಅಭ್ಯಾಸಬಲ. ಆಮೇಲೆ ಮ್ಯಾನೇಜರನ ನಯದ ದನಿ. “ತೊಳೆಯೋರ ಹತ್ರ ಕೀ ಇರುತ್ತಲ್ಲ. ಕರೀರಿ ಅವಳನ್ನ.”

ತೊಳೆಯುವ ಹೆಂಗಸರ ಸೊಂಟದಲ್ಲಿ ಒಂದು ಸಣ್ಣ ಕೀ ಇರುತ್ತದೆ. ಒಳಗೆ ಯಾರಾದರೂ ಬಿದ್ದುಹೋದರೆ ಚಿಲಕವನ್ನು ಹೊರಗಿನಿಂದ ತಿರುಗಿಸಲು. ಅದು ದೊರೆಗೆ ಗೊತ್ತಿತ್ತು. ದಿನಾ ರಾತ್ರಿ ಆ ಕೀಯನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಅವಳು ಮಲಗುವುದು.

ರಬ್ಬರ್ ಚಪ್ಪಲಿಯ ಸದ್ದು ಬಂತು. ಬಾಗಿಲ ಮುಂದೆ ನಿಂತಿತು.

“ತೆಗಿ” ಎಂದ ಮ್ಯಾನೇಜರು.

ಬಕೆಟ್ಟು ನೆಲಕ್ಕಿಟ್ಟ ಸದ್ದು.

“ನಿನಗೇ ಹೇಳಿದ್ದು. ಕೀ ಹಾಕಿ ತೆಗಿ. ಕೆಲಸ ಬೇಕೋ ಬೇಡವೋ?”

ಕೀಗೊಂಚಲು ಅಲುಗಿತು. ದೊರೆ ಕಣ್ಣು ಮುಚ್ಚಿಕೊಂಡ. ತೆಗೀಲಿ ಬಿಡು, ಎಂದುಕೊಂಡ. ಅವಳ ಕೆಲಸವಾದರೂ ಉಳೀಲಿ.

“ತೆಗೆಯಲ್ಲ” ಎಂದಳು ಅವಳು.

“ಏನು?”

“ತೆಗೆಯಲ್ಲ ಸಾರ್. ಒಳಗೆ ಇರೋದು ನನ್ನ ಗಂಡ. ಅವರಿಗೆ ಇನ್ನೂ ಆಗಿಲ್ಲ.”

ಚಪ್ಪಲಿ ಓಣಿಯ ಕಡೆಗೆ ತಿರುಗಿದ ಸದ್ದು.

“ನಿನ್ನೆ ಯಾರು ಅಂತ ಕೇಳಿದ್ರಲ್ಲ ಮೇಡಂ” ಎಂದಳು, ದನಿ ಎತ್ತರಿಸಿ, ಓಣಿಯ ಕೊನೆಯವರೆಗೆ ಕೇಳುವ ಹಾಗೆ. “ನನ್ನ ಗಂಡ ರೀ ಅವರು! ಕೆಳಗಿರೋ ನಿಮ್ಮ ಕಕ್ಕಸಿಗೆ ಚಿಲಕ ಇಲ್ಲ. ಇಲ್ಲಿದೆ. ನೋಡ್ತೀನಿ, ಇದಾದ್ರೂ ಗಟ್ಟಿಯಾಗಿದೆಯಾ ಅಂತ.”

ಚಪ್ಪಲಿಯ ಸದ್ದು ದೂರವಾಯಿತು. ಗೋಡೆಯಾಚೆ ಹೆಂಗಸರ ಟಾಯ್ಲೆಟ್ಟು. ಬಾಗಿಲು ತೆರೆಯಿತು. “ಬನ್ರೇ” ಎಂದಳು ಯಾರಿಗೋ. ಚಿಲಕ ಬಿತ್ತು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು.

ಇತ್ತ ಎರಡೂ ಬಾಗಿಲುಗಳ ನಡುವೆ ಸೀಟಿಯ ಬೂಟು ಓಡಾಡುವ ಸದ್ದು. ಹೆಂಗಸರ ಕಡೆಗೆ ನುಗ್ಗುವಂತಿಲ್ಲ, ಗಂಡಸರ ಕಡೆ ಕೀ ಇಲ್ಲ.

ಗೋಡೆಯ ಮೇಲಿನ ಗಾಳಿಕಿಂಡಿಯಿಂದ ಅವಳ ದನಿ ಇಳಿದು ಬಂತು. “ರೀ, ಇದ್ದೀರಾ?”

“ಇದೀನಿ ಕಣೇ.”

“ಎಷ್ಟು ಮೆತ್ತಗಿದೆ ರೀ ಇದು! ದಿನಾ ಇಂಥವನ್ನೇ ಒರೆಸ್ತೀನಿ, ಕೂತಿರಲಿಲ್ಲ ನೋಡಿ.” ಅವಳು ನಕ್ಕಳು. ನಗುತ್ತಲೇ ಒಮ್ಮೆ ಹಲ್ಲು ಕಡಿದಳು, ನರಳಿದಳು, ಮತ್ತೆ ನಕ್ಕಳು. ಈ ಸಲ ನಲ್ಲಿ ಬಿಟ್ಟು ಮುಚ್ಚಿಕೊಳ್ಳಲಿಲ್ಲ. ಕೇಳಲಿ, ಇಡೀ ಮಹಡಿ ಕೇಳಲಿ ಎನ್ನುವ ಹಾಗೆ ನರಳಿದಳು.

ದೊರೆ ಎದ್ದು ಮುಚ್ಚಳ ತೆಗೆದ. ಆಗ ಬಂತು. ತಡೆಯೇ ಇಲ್ಲದೆ, ಧೋ ಎಂದು, ಇಷ್ಟು ವರ್ಷದ್ದೆಲ್ಲ ಸೇರಿಸಿಕೊಂಡು ಬಂತು. ಅವನ ಕಣ್ಣಲ್ಲೂ ಬಂತು.

“ಆಯ್ತಾ ರೀ?” ಎಂದಳು ಗೋಡೆಯಾಚೆಯಿಂದ.

“ಆಯ್ತು ಕಣೇ” ಎಂದ ಮೆಲ್ಲಗೆ.

ಬಾಗಿಲು ಮತ್ತೆ ದಬದಬ ಬಡಿಯಿತು. “ಆಯ್ತಾ ನಿಂದು? ಆಯ್ತಾ?”

ದೊರೆ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿದ. ಗಟ್ಟಿಯಾಗಿತ್ತು. ಮತ್ತೆ ಮುಚ್ಚಳ ಹಾಕಿ ಕಾಲ ಮೇಲೆ ಕಾಲು ಹಾಕಿ ಕೂತ.

“ಇಲ್ಲ ಸಾರ್” ಎಂದ. “ಇನ್ನೂ ಆಗಿಲ್ಲ.”